ಹಂಡೆಯೊಳಗಿನ ರೇಡಿಯೊ

ರಾತ್ರಿ ಹತ್ತೂವರೆಯ ಹೊತ್ತಿಗೆ ನಡುಮನೆಯಲ್ಲಿ 'ಟಕ್' ಎಂದು ಒಂದು ಸಣ್ಣ ಸದ್ದಾಯಿತು.

ಮಾನ್ವಿಯಲ್ಲಿ ಆ ಹೊತ್ತಿನಲ್ಲಿ ಸದ್ದು ಮಾಡುವ ಹಕ್ಕು ಇದ್ದದ್ದು ಇಲಿಗಳಿಗೆ ಮತ್ತು ರಾಯಚೂರಿನ ಕೊನೆಯ ಬಸ್ಸಿಗೆ ಮಾತ್ರ. ಬಸ್ಸು ಬಂದು ಹೋಗಿ ಬಹಳ ಹೊತ್ತಾಗಿತ್ತು. ಹಾಗಾದರೆ ಇಲಿಯೇ ಇರಬೇಕು ಎಂದುಕೊಂಡು ವಾಹಿದಾ ಮಗ್ಗುಲಾದಳು. ಆದರೆ ಆ ಇಲಿ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಗಂಟಲು ಸರಿಮಾಡಿಕೊಂಡು, "ನನ್ನನ್ನು ಕ್ಷಮಿಸಿ ಬಿಡು, ಶಾರದಾ" ಎಂದಿತು. ವಾಹಿದಾ ಎದ್ದು ಕೂತಳು.

ಬಾಗಿಲ ಸಂದಿಯಿಂದ ನೋಡಿದರೆ, ರೇಡಿಯೊ ಇಡುವ ಟ್ರಂಕಿನ ಮೇಲೆ ಕೌದಿ ಹೊದ್ದ ಒಂದು ಗುಡ್ಡ. ಗುಡ್ಡದ ಅಂಚಿನಿಂದ ಹಸಿರು ಬೆಳಕು ಸೋರುತ್ತಿತ್ತು. ಯಾರೋ ರೇಡಿಯೊವನ್ನೂ ತಮ್ಮ ತಲೆಯನ್ನೂ ಒಂದೇ ಕೌದಿಯಲ್ಲಿ ಮುಚ್ಚಿಕೊಂಡು ನಾಟಕ ಕೇಳುತ್ತಿದ್ದರು.

ಯಾರೋ ಏನು, ಅಬ್ಬಾ. ವಾಹಿದಾ ತೀರ್ಮಾನಿಸಿದಳು. ಆ ಮನೆಯಲ್ಲಿ ರೇಡಿಯೊದ ಗುಂಡಿ ಮುಟ್ಟುವವರು ಅವರೊಬ್ಬರೇ.

ಅವಳ ಅಬ್ಬಾ ದಸ್ತಗೀರ್ ಸಾಬ್ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಂಗಡಿಯಲ್ಲಿ ಹದಿನೇಳು ಗಡಿಯಾರಗಳಿದ್ದವು, ಹದಿನೇಳೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಅವುಗಳಿಗೆಲ್ಲ ಸರಿಯಾದ ಹೊತ್ತು ತಿಳಿಸಲೆಂದೇ ತಾವು ರೇಡಿಯೊ ಇಟ್ಟದ್ದೆಂದು ಅವರು ಹೇಳುತ್ತಿದ್ದರು. ದಿನಕ್ಕೊಮ್ಮೆ, ವಾರ್ತೆಗೆ ಮುಂಚಿನ ಪೀಪ್ ಪೀಪ್ ಕೇಳುವುದು, ಕೈಗಡಿಯಾರ ಹೊಂದಿಸುವುದು, ಹತ್ತು ನಿಮಿಷ ವಾರ್ತೆ ಕೇಳುವುದು, ಹಾಡಿನ ಮೊದಲ ತಂತಿ ಮಿಡಿಯುವ ಮೊದಲೇ ಆರಿಸಿಬಿಡುವುದು. "ನಮ್ಮ ಮನ್ಯಾಗ ಹಾಡು ನಾಟಕ ಯಾವುದೂ ಇಲ್ಲ. ಮನಿಯಂದ್ರ ಮನಿ ಇದ್ದಂಗ ಇರಬೇಕು," ಎಂದು ಅವರು ಗಿರಾಕಿಗಳ ಮುಂದೆ ಹೇಳುವಾಗ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯುತ್ತಿರಲಿಲ್ಲ.

ಅಂಥವರು ಈಗ ಕೌದಿಯೊಳಗೆ ಶಾರದೆಯ ಕಷ್ಟ ಕೇಳುತ್ತಿದ್ದಾರೆ. ವಾಹಿದಾ ಸದ್ದಿಲ್ಲದೆ ಮರಳಿ, ಟಾರ್ಚಿನ ಬೆಳಕಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: 'ಮನೆಯ ಯಜಮಾನರು ರೇಡಿಯೊ ಕೇಳುವ ಅವಧಿ: ಬಹಿರಂಗವಾಗಿ ಹತ್ತು ನಿಮಿಷ. ಅಂತರಂಗದಲ್ಲಿ, ತಿಳಿದುಬಂದಿಲ್ಲ.'

ಹೀಗೆ ಬರೆದುಕೊಳ್ಳುವುದಕ್ಕೇ ಅವಳು ಊರಿಗೆ ಬಂದದ್ದು. ಅದು ಎಪ್ಪತ್ತೆಂಟನೆಯ ಇಸವಿ. ರಾಯಚೂರಿನ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದ ವಾಹಿದಾಳಿಗೆ ಸಮಾಜಶಾಸ್ತ್ರದ ಕನಕರಾಯ ಮಾಸ್ತರು 'ಕುಟುಂಬ ಜೀವನ ಮತ್ತು ಸಮೂಹ ಮಾಧ್ಯಮಗಳ ಪ್ರಭಾವ' ಎಂಬ ವಿಷಯ ಕೊಟ್ಟಿದ್ದರು. ಜೊತೆಗೆ ಇಪ್ಪತ್ತು ಫಾರಂ. ಇಪ್ಪತ್ತು ಮನೆಗೆ ಹೋಗಬೇಕು, ಕೇಳಬೇಕು, ತುಂಬಬೇಕು. ತುಂಬದವರನ್ನು ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಮಾಸ್ತರು ಹೇಳಿದ್ದರು. ಭಾನುವಾರ ತಾವೇ ಬಂದು ನೋಡುವುದಾಗಿಯೂ ಹೇಳಿದ್ದರು.

ಪರೀಕ್ಷೆ ತಪ್ಪಿದರೆ ಉಳಿದ ಹುಡುಗಿಯರಿಗೆ ಒಂದು ವರ್ಷ ಹೋಗುತ್ತಿತ್ತು. ವಾಹಿದಾಳಿಗೆ ಕಾಲೇಜೇ ಹೋಗುತ್ತಿತ್ತು. ಅಬ್ಬಾನ ಅಕ್ಕ, ದೇವದುರ್ಗದ ಬಡೇಬೀ ಫುಪ್ಪು, ಜಾಲಹಳ್ಳಿಯಲ್ಲಿ ಒಬ್ಬ ಹುಡುಗನನ್ನು ನೋಡಿ ಇಟ್ಟು ಎರಡು ವರ್ಷವಾಗಿತ್ತು. "ಪಾಸಾಗೋ ತನಕ ಓದಲಿ, ಆಪಾ. ಒಂದು ಸಲ ತಪ್ಪಿದ್ಲಂದ್ರ ನೀ ಹೇಳಿದಂಗ," ಎಂದು ಅಬ್ಬಾ ಒಪ್ಪಂದ ಮಾಡಿಕೊಂಡಿದ್ದರು. ಫುಪ್ಪು ಅಂದಿನಿಂದ ಪ್ರತಿ ಪರೀಕ್ಷೆಯ ದಿನವನ್ನೂ ಅವಳಿಗಿಂತ ಹೆಚ್ಚು ಆಸಕ್ತಿಯಿಂದ ಕಾಯುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ವಾಹಿದಾ ಸೆರಗು ಸರಿಮಾಡಿಕೊಂಡು ಪಕ್ಕದ ಬಂಡೆಮ್ಮನ ಮನೆಗೆ ಹೋದಳು. ಬಂಡೆಮ್ಮನವರು ಕುರಿ ಸಾಕಿದವರು, ಈಗ ಹೊಲವೂ ಇತ್ತು. ಅಲ್ಲಿ ಆಗಲೇ ವಾಹಿದಾಳ ಅಮ್ಮ ಖಾಸಿಂ ಬೀ ಮೊರ ವಾಪಸು ಕೊಡಲು ಬಂದು, ತೊಟ್ಟಿಲ ಹತ್ತಿರ ನಿಂತಿದ್ದಳು.

"ಕೂಸಿಗೆ ಸೂಜಿ ಒಂದು ಸಲ ಹಾಕಿಸಿದ್ರ ಆಗಲ್ಲ, ಬಂಡೆಮ್ಮ. ಮೂರು ಸಲ ಹಾಕಿಸಬೇಕು, ನಡಕ ಒಂದೊಂದು ತಿಂಗಳು ಬಿಡಬೇಕು," ಎಂದು ಹೇಳಿ ಅಮ್ಮ ಮೊರ ಇಟ್ಟು ಹೋದಳು. ಹೊಸ್ತಿಲು ದಾಟಿ ಸಂತೆಗೂ ಹೋಗದ ಅಮ್ಮನಿಗೆ ಇವೆಲ್ಲ ಹೇಗೆ ತಿಳಿಯುತ್ತವೋ ಎಂದು ವಾಹಿದಾಳಿಗೆ ಅನ್ನಿಸಿತು. ಆದರೆ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

"ಮನ್ಯಾಗ ಎಷ್ಟು ಮಂದಿ ಅದೀರಿ, ಯಕ್ಕಾ?"

"ಯಾಕ?" ಬಂಡೆಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಎರಡು ವರ್ಷದ ಹಿಂದ ಹಿಂಗ ಎಣಿಸಿಗೆಂದು ಹೋದವರು ನಮ್ಮ ಮೈದುನಗ ಜೀಪಿನಾಗ ಹತ್ತಿಸಿಕೆಂದು ಹೋದ್ರು. ಮಕ್ಕಳಾಗದಂಗ ಆಪರೇಷನ್ ಮಾಡಿ ಒಂದು ಡಬ್ಬಿ ತುಪ್ಪ ಕೊಟ್ಟು ಕಳಿಸಿದ್ರು. ಅಂವಗ ಇನ್ನಾ ಮದುವಿನೂ ಆಗಿದ್ದಿಲ್ಲ."

"ಇದು ಅದಲ್ರಿ. ನಮ್ಮ ಕಾಲೇಜಿಂದು. ಬರೇ ರೇಡಿಯೊದ ವಿಷಯ. ನಿಮ್ಮ ಮನ್ಯಾಗ ರೇಡಿಯೊ ಅದ ಏನ್ರಿ?"

ಬಂಡೆಮ್ಮನಿಗೆ ಓದು ಬರುತ್ತಿರಲಿಲ್ಲ. ಓದು ಬರದವರಿಗೆ ಕಾಗದದಲ್ಲಿ ಮೊದಲು ಕಾಣುವುದು ಸೀಲು. ಫಾರಂನ ಮೂಲೆಯಲ್ಲಿ ಕಾಲೇಜಿನ ದುಂಡನೆಯ ನೇರಳೆ ಸೀಲು ಇತ್ತು.

"ಇಲ್ಲ," ಎಂದಳು.

ಒಳಗೆ ಒಬ್ಬ ಗಂಡಸು ಹತ್ತಿ ಬೆಳೆಗೆ ಬೀಳುವ ಹುಳದ ವಿಷಯ ಹೇಳುತ್ತಿದ್ದ.

"ಮತ್ತ ಒಳಗ ಯಾರೋ ಮಾತಾಡಾಕತ್ತಾರಲ್ಲ?"

"ನಮ್ಮ ಸೊಸಿ."

"ಗಂಡಸಿನ ದನಿ ಅದ."

"ನೆಗಡಿ ಆಗ್ಯದ."

ಒಳಗಿದ್ದ ಸೊಸೆ ಅದೇ ನೆಗಡಿಯ ದನಿಯಲ್ಲಿ ಎಕರೆಗೆ ಎಷ್ಟು ಔಷಧಿ ಸಿಂಪಡಿಸಬೇಕೆಂದು ವಿವರಿಸಿ, "ಇಲ್ಲಿಗೆ ಕೃಷಿಕರ ಕಾರ್ಯಕ್ರಮ ಮುಗಿಯಿತು" ಎಂದಳು.

"ಭಾಳ ಶಾಣೇಕಿ ನಮ್ಮ ಸೊಸಿ," ಎಂದು ಬಂಡೆಮ್ಮ ಬಾಗಿಲು ಮುಂದೆ ಮಾಡಿಕೊಂಡಳು.

ಬಂಡೆಮ್ಮನನ್ನು ದೂರುವ ಹಾಗಿಲ್ಲ. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ಅಂಚೆ ಕಚೇರಿಯವರು ಒಂದು ಸಣ್ಣ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಹೋಗಿ ಅದಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕು. ಆ ಬೀದಿಯವರು ಮೊದಲ ವರ್ಷ ಮದುವೆಗೆ ಹೊರಟವರ ಹಾಗೆ ಬಟ್ಟೆ ಉಟ್ಟು ಹೋಗಿ ಮುದ್ರೆ ಹಾಕಿಸಿಕೊಂಡು ಬಂದಿದ್ದರು. ಎರಡನೆಯ ವರ್ಷ ಮರೆತರು. ಮೂರನೆಯ ವರ್ಷ, ಮರೆತದ್ದನ್ನೂ ಮರೆತರು. ಈಗ ನೇರಳೆ ಸೀಲು ಎಲ್ಲವನ್ನೂ ನೆನಪಿಗೆ ತಂದುಬಿಟ್ಟಿತು.

ಮೂಲೆಯ ಕಿರಾಣಿ ಅಂಗಡಿಯ ಪೀರಾ ಸಾಬ್‌ನ ಹತ್ತಿರ ಹೋಗುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂದೆ ಹೋಗಿತ್ತು. ಬೆಲ್ಲದ ಪೆಂಟೆಯ ಮೇಲೆ ಬೀದಿಗೆಲ್ಲ ಕೇಳಿಸುವಂತೆ ದಿನವೂ ಹಾಡುತ್ತಿದ್ದ ರೇಡಿಯೊ ಅಂದು ಬಾಯಿ ಮುಚ್ಚಿ ಕೂತಿತ್ತು.

"ಅದು ರೇಡಿಯೊ ಅಲ್ಲ, ಬೇಟಿ. ಖಾಲಿ ಡಬ್ಬಿ. ಅಂಗಡಿ ಚಂದ ಕಾಣಲಿ ಅಂತ ಇಟ್ಟೀನಿ," ಎಂದ ಪೀರಾ ಸಾಬ್.

"ಚಾಚಾ, ಇದು ಲೈಸನ್ಸಿಂದಲ್ಲ. ನನ್ನ ಓದಿಂದು."

"ಲೈಸನ್ಸಿನವರು ಬಂದಾಗ ನಾವು ಲೈಸನ್ಸಿನವರು ಅಂತ ಹೇಳಿಗೆಂತ ಬರ್ತಾರೇನು? ಪರಿಚಯದ ಹುಡುಗೀನ ಕಳಿಸ್ತಾರ."

ವಾಹಿದಾ ಫಾರಂನಲ್ಲಿ 'ರೇಡಿಯೊ ಇಲ್ಲ' ಎಂದು ಬರೆದುಕೊಂಡಳು.

ಅಷ್ಟರಲ್ಲಿ ಅಂಚೆಯ ಜಂಬಣ್ಣ ಸೈಕಲ್ ಮೇಲೆ ಬಂದ. ಅಂಚೆ ಕಚೇರಿಯ ಮನುಷ್ಯ, ಇವನಿಗಿಂತ ಹೆಚ್ಚು ಯಾರಿಗೆ ಗೊತ್ತಿರಬೇಕು ಎಂದು ಪೀರಾ ಸಾಬ್ ಅವನ ಹ್ಯಾಂಡಲ್ಲು ಹಿಡಿದು ನಿಲ್ಲಿಸಿದ.

"ಜಂಬಣ್ಣ, ರೇಡಿಯೊದ ವಿಷಯ ಏನೋ ನಡದದಂತಲ್ಲ. ನಿನಗ ಗೊತ್ತಿರಬೇಕಲ್ಲ?"

ಜಂಬಣ್ಣನ ಮುಖದ ಬಣ್ಣ ಇಳಿಯಿತು. "ನನಗೇನೂ ಗೊತ್ತಿಲ್ಲ," ಎಂದ. ಯಾರೂ ಕೇಳದಿದ್ದರೂ, "ನಾ ಏನೂ ಬರದಿಲ್ಲ. ಯಾರ ಹೆಸರೂ ಬರದಿಲ್ಲ," ಎಂದೂ ಸೇರಿಸಿ, ಸೈಕಲ್ಲು ಹತ್ತಿ, ಪೀರಾ ಸಾಬ್‌ನ ಕಾಗದ ಅವನಿಗೆ ಕೊಡದೆಯೇ ಹೋಗಿಬಿಟ್ಟ.

ಬೀದಿಗೆ ಇಷ್ಟು ಸಾಕಾಯಿತು. ಹೆಸರು ಬರೆದಿಲ್ಲ ಎನ್ನುತ್ತಾನೆಂದರೆ ಹೆಸರು ಬರೆದಿದ್ದಾನೆ. ಬರೆದಿದ್ದಾನೆಂದರೆ ಪಟ್ಟಿ ಹೋಗಿದೆ. ಪಟ್ಟಿ ಹೋಗಿದೆಯೆಂದರೆ ಸಾಹೇಬ ಬರುತ್ತಾನೆ. ಸಂಜೆಯೊಳಗೆ ಆ ಬೀದಿಯ ರೇಡಿಯೊಗಳು ಒಂದೊಂದಾಗಿ ಸಂಸಾರದಿಂದ ನಿವೃತ್ತಿ ಹೊಂದಿದವು. ಒಂದು ಜೋಳ ತುಂಬಿಡುವ ಮಣ್ಣಿನ ವಾಡೆಯೊಳಗೆ ಇಳಿಯಿತು. ಒಂದು ಮೇವಿನ ಬಣವೆ ಸೇರಿತು. ಬಂಡೆಮ್ಮ ಮೊಮ್ಮಗುವನ್ನು ನೆಲದ ಮೇಲೆ ಮಲಗಿಸಿ, ತೊಟ್ಟಿಲಲ್ಲಿ ರೇಡಿಯೊ ಮಲಗಿಸಿ, ಕುಲಾವಿ ಕಟ್ಟಿ ತೂಗಿದಳು. ವಾಹಿದಾಳ ಕೈಯಲ್ಲಿ ಒಂಬತ್ತು ಫಾರಂ ತುಂಬಿದ್ದವು. ಒಂಬತ್ತರಲ್ಲೂ 'ರೇಡಿಯೊ ಇಲ್ಲ'. ಮುಂದಿನ ಹದಿನಾಲ್ಕು ಪ್ರಶ್ನೆಗಳು ಖಾಲಿ.

ಸುದ್ದಿ ರಾತ್ರಿಯ ಬಸ್ಸು ಹತ್ತಿ ಒಂದು ಕಡೆ ಕವಿತಾಳಕ್ಕೂ ಇನ್ನೊಂದು ಕಡೆ ದೇವದುರ್ಗಕ್ಕೂ ಹೋಯಿತು. ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ದೇವದುರ್ಗದಿಂದ ಬಡೇಬೀ ಫುಪ್ಪು ಬಂದಿಳಿದಳು. ಎದೆಗೆ ಒಂದು ಬಟ್ಟೆಯ ಗಂಟು ಅವಚಿಕೊಂಡಿದ್ದಳು. ಅಮ್ಮ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ.

"ಉಪ್ಪಿನಕಾಯಿ. ಅಲುಗಾಡಿದ್ರ ಚೆಲ್ತದ," ಎಂದಳು.

ಉಪ್ಪಿನಕಾಯಿಯ ಗಂಟಿನಿಂದ ಗೇಣುದ್ದದ ಮಿರಿಮಿರಿ ಮಿಂಚುವ ಕಡ್ಡಿಯೊಂದು ಹೊರಗೆ ಚಾಚಿತ್ತು.

ದಸ್ತಗೀರ್ ಸಾಬ್ ಆ ಕಡ್ಡಿಯನ್ನೇ ನೋಡಿದರು. "ಆಪಾ, ರೇಡಿಯೊ ಕೇಳಿ ಹುಡುಗ್ಯಾರು ಕೆಡ್ತಾರ ಅಂತಿದ್ದಿ?"

"ಹುಡುಗ್ಯಾರು ಕೆಡ್ತಾರ. ನಾ ಹುಡುಗೀನೇನು?" ಫುಪ್ಪು ಗಂಟನ್ನು ಅವರ ಮಡಿಲಲ್ಲಿ ಇಟ್ಟಳು. "ಸಾಹೇಬ ಮನಿ ಮನಿ ಹೊಕ್ಕು ನೋಡಾಕತ್ತಾನಂತ. ನಿನ್ನ ಲೈಸನ್ಸು ಸರಿ ಅದಲ್ಲ, ಇದು ನಿನ್ನ ಮನ್ಯಾಗ ಇರಲಿ."

ದಸ್ತಗೀರ್ ಸಾಬ್ ಟ್ರಂಕಿನಿಂದ ತಮ್ಮ ಲೈಸೆನ್ಸು ಪುಸ್ತಕ ತೆಗೆದು ತೋರಿಸಿದರು. ಕೊನೆಯ ಮುದ್ರೆ ಬಿದ್ದಾಗ ವಾಹಿದಾ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಳು. ಊರಿಗೆಲ್ಲ ಹೊತ್ತು ಹೇಳುವ ಮನುಷ್ಯನಿಗೆ ಒಂಬತ್ತು ವರ್ಷ ಹೋದದ್ದು ತಿಳಿದಿರಲಿಲ್ಲ.

"ಇದೆಲ್ಲ ಈ ಹುಡುಗಿ ಫಾರಂನಿಂದ ಬಂದದ್ದು," ಎಂದಳು ಫುಪ್ಪು. "ಎಷ್ಟು ತುಂಬ್ಯಾವ, ಬೇಟಿ?"

"ಒಂಬತ್ತು."

"ಎಷ್ಟು ಬೇಕು?"

"ಇಪ್ಪತ್ತು."

"ಹಂಗಾರ ಜಾಲಹಳ್ಳಿಯವರಿಗೆ ಒಂದು ಕಾಗದ ಹಾಕಿಬಿಡು, ದಸ್ತಗೀರಾ," ಎಂದು ಫುಪ್ಪು ಚಹಾಕ್ಕೆ ಕೈಚಾಚಿದಳು. ಅಬ್ಬಾ ಬೇಡವೆನ್ನಲಿಲ್ಲ. ವಾಹಿದಾ ಅಬ್ಬಾನ ಮುಖ ನೋಡಿದಳು, ಅಬ್ಬಾ ತಮ್ಮ ಗಡಿಯಾರ ನೋಡಿಕೊಂಡರು.

ಆ ರಾತ್ರಿಯೂ ನಡುಮನೆಯಲ್ಲಿ ಟಕ್ ಎಂದಿತು. ಇಂಥ ಕಷ್ಟದಲ್ಲೂ ಅಬ್ಬಾನಿಗೆ ನಾಟಕ ಬಿಡಲಾಗಲಿಲ್ಲವಲ್ಲ ಎಂದು ವಾಹಿದಾ ಬೆರಗಾದಳು. ಶಾರದೆ ಬಾವಿಯ ಕಡೆಗೆ ನಡೆದಿದ್ದಳು. ಅಷ್ಟರಲ್ಲಿ ಇಡೀ ಊರಿನ ಕರೆಂಟು ಹೋಯಿತು. ಕತ್ತಲಲ್ಲಿ ಯಾರೋ ನಿಟ್ಟುಸಿರು ಬಿಟ್ಟರು, ಯಾವುದೋ ಪಾತ್ರೆಗೆ ಕಾಲು ತಾಗಿತು. ಗುಂಡಿ ತಿರುಗಿಸಿದ ಸದ್ದು ಮಾತ್ರ ಕೇಳಲಿಲ್ಲ.

ಭಾನುವಾರ ಹನ್ನೆರಡರ ಹೊತ್ತಿಗೂ ಕರೆಂಟು ಬಂದಿರಲಿಲ್ಲ. ಬಂದದ್ದು ರಾಯಚೂರಿನ ಬಸ್ಸು. ಅದರಿಂದ ಕನಕರಾಯ ಮಾಸ್ತರು ಇಳಿದರು. ಬಿಸಿಲಿಗೆಂದು ಕಪ್ಪು ಕನ್ನಡಕ ಹಾಕಿದ್ದರು, ಕೈಯಲ್ಲಿ ಚರ್ಮದ ಚೀಲ, ಕಂಕುಳಲ್ಲಿ ಫೈಲು. ಇನ್ನೇನು ಬೇಕು? ಪೀರಾ ಸಾಬ್ ಅಂಗಡಿಗೆ ಬೀಗ ಹಾಕಿಕೊಂಡು ಓಡಿ ಬಂದ.

"ದಸ್ತಗೀರ್ ಭಾಯಿ, ಬಂದಾ. ವಾರ್ತೆ ಕೇಳಿ ಕೇಳಿ ನಿನಗ ಮಾತು ಚಲೋ ಬರ್ತದ. ನೀನೇ ಮಾತಾಡಬೇಕು."

ಬೀದಿಯೆಲ್ಲ ದಸ್ತಗೀರ್ ಸಾಬರ ಅಂಗಳದಲ್ಲಿ ನೆರೆಯಿತು, ಜಂಬಣ್ಣನೂ ಬಂದು ಮೂಲೆಯಲ್ಲಿ ನಿಂತ. ಫುಪ್ಪು ತನ್ನ ಉಪ್ಪಿನಕಾಯಿಯ ಮೇಲೆ ಕೂತುಬಿಟ್ಟಳು. ಆದರೆ ಮನೆಯ ರೇಡಿಯೊ ದೊಡ್ಡದು, ಹಳೆಯದು. ಅದನ್ನು ಎತ್ತಿ ಒಯ್ಯುವ ಹಾಗಿರಲಿಲ್ಲ. ಅದಕ್ಕೆ ಪ್ಲಗ್ಗು ಇರಲಿಲ್ಲ. ಎರಡು ಬರಿ ತಂತಿಗಳನ್ನು ಗೋಡೆಯ ತೂತಿಗೆ ಇಳಿಸಿ, ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡಲಾಗಿತ್ತು. ಒಮ್ಮೆ ಕಿತ್ತರೆ ಮತ್ತೆ ಕೂಡಿಸಲು ಅರ್ಧ ದಿನ. "ಕರೆಂಟೇ ಇಲ್ಲ, ತಂತಿ ಇದ್ರೇನು, ಬಿಟ್ರೇನು," ಎಂದು ದಸ್ತಗೀರ್ ಸಾಬ್ ನೀರು ಕಾಯಿಸುವ ತಾಮ್ರದ ಹಂಡೆಯನ್ನು ತಂದು ರೇಡಿಯೊದ ಮೇಲೆ ಬೋರಲು ಹಾಕಿ, ಮೇಲೊಂದು ಕೌದಿ ಹೊದಿಸಿದರು.

ಮಾಸ್ತರು ಹೊರಸಿನ ಮೇಲೆ ಕೂತು, ವಾಹಿದಾ ಕೊಟ್ಟ ಒಂಬತ್ತು ಫಾರಂ ತಿರುವಿ ಹಾಕಿದರು.

"ಏನ್ರಿ, ಇಷ್ಟು ದೊಡ್ಡ ಬೀದ್ಯಾಗ ಒಂದೂ ರೇಡಿಯೊ ಇಲ್ಲೇನು?"

ದಸ್ತಗೀರ್ ಸಾಬ್ ಎದ್ದು ನಿಂತರು. "ಇಲ್ಲ ಸಾಹೇಬ್ರ. ನಮ್ಮ ಬೀದ್ಯಾಗ ಸಂಸಾರ ಶಾಂತವಾಗಿ ನಡದಾವ. ಹಾಡು ಅಂದ್ರ ಏನಂತ ನಮಗ ಗೊತ್ತಿಲ್ಲ. ನಾಟಕ ಅಂದ್ರ ಏನಂತ ಗೊತ್ತಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದೆ." ಅಲ್ಲಿಂದ ಮುಂದೆ ಅವರ ದನಿ ತಾನಾಗಿಯೇ ಬದಲಾಗಿ, ಬೆನ್ನು ನೆಟ್ಟಗಾಗಿ, ಭಾಷೆ ಗ್ರಂಥಸ್ಥವಾಯಿತು. "ಯಾವುದೇ ಮನೆಯಲ್ಲಿ ರೇಡಿಯೊ ಇರುವ ಬಗ್ಗೆ ವರದಿಯಾಗಿಲ್ಲ. ಮುಖ್ಯಾಂಶಗಳು ಮತ್ತೊಮ್ಮೆ. ರೇಡಿಯೊ ಇಲ್ಲ. ಲೈಸೆನ್ಸಿನ ಅಗತ್ಯ ಇಲ್ಲ. ಇಲ್ಲಿಗೆ—"

ಇಲ್ಲಿಗೆ ನಡುಮನೆಯ ಬಲ್ಬು ಹತ್ತಿತು.

ಕರೆಂಟು ಬಂತೆಂದು ಎಲ್ಲರಿಗೂ ಸಂತೋಷವಾಯಿತು. ಆ ಸಂತೋಷ ಸುಮಾರು ಅರ್ಧ ನಿಮಿಷ ಇತ್ತು. ಹಳೆಯ ರೇಡಿಯೊ ಕಾದು ದನಿ ಬರಲು ಅಷ್ಟೇ ಹೊತ್ತು ಬೇಕು. ಆಮೇಲೆ ಹಂಡೆ ಗುಂಯ್‌ಗುಟ್ಟಿತು. ಮಾಸ್ತರು ಅತ್ತ ತಿರುಗಿದರು. ಬಾವಿಯ ತಳದಿಂದ ಬಂದಂಥ ದನಿಯಲ್ಲಿ ಹಂಡೆ ಮಾತಾಡಿತು.

"ಮೆಚ್ಚಿನ ಹಾಡುಗಳ ಕಾರ್ಯಕ್ರಮ ಕೇಳುತ್ತಿದ್ದೀರಿ. ಮುಂದಿನ ಹಾಡನ್ನು ಬಯಸಿದವರು, ಮಾನ್ವಿಯಿಂದ ದಸ್ತಗೀರ್ ಸಾಬ್, ವಾಹಿದಾ ಬಿ.ಎ., ಪೀರಾ ಸಾಬ್ ಕಿರಾಣಿ, ಬಂಡೆಮ್ಮ, ಬಂಡೆಮ್ಮನವರ ಸೊಸೆ—"

"ನನ್ನ ಹೆಸರು," ಎಂದಳು ಬಂಡೆಮ್ಮ, ಎದೆ ಮುಟ್ಟಿಕೊಂಡು.

"—ದೇವದುರ್ಗದಿಂದ ಬಡೇಬೀ, ಮತ್ತು ಮಾನ್ವಿ ಅಂಚೆಯ ಜಂಬಣ್ಣ."

ಹಂಡೆಯೊಳಗೆ ಹಾಡು ಶುರುವಾಯಿತು. ತಾಮ್ರದ ಗೋಡೆಗಳಿಗೆ ಬಡಿದು ಅದು ಬಹಳ ಇಂಪಾಗಿ ಕೇಳುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜಂಬಣ್ಣ ತನ್ನ ಚಪ್ಪಲಿಗಳನ್ನು ಮೊದಲ ಸಲ ನೋಡುತ್ತಿರುವಂತೆ ನೋಡತೊಡಗಿದ.

ಮೊದಲು ಚೇತರಿಸಿಕೊಂಡವಳು ಫುಪ್ಪು. "ಇದು ಯಾರು ಬರದ್ದು?"

ಎಲ್ಲರೂ ವಾಹಿದಾಳ ಕಡೆಗೆ ತಿರುಗಿದರು.

"ಮತ್ತ್ಯಾರು ಬರೀತಾರ," ಎಂದಳು ಫುಪ್ಪು. "ಬೀದಿಯವರ ಹೆಸರೆಲ್ಲ ಬರದು ಕಳಿಸ್ಯಾಳ. ಇದಕ್ಕೇ ಕಾಲೇಜಿಗೆ ಕಳಿಸಿದ್ದೇನು ನೀನು? ನಾಳಿ ಬಸ್ಸಿಗೆ ರಾಯಚೂರಿಗೆ ಹೋಗಿ ಇಕಿ ಪೆಟ್ಟಿಗಿ ತಂದುಬಿಡು, ದಸ್ತಗೀರಾ."

ವಾಹಿದಾ ಅಬ್ಬಾನನ್ನು ನೋಡಿದಳು. ಕೌದಿ, ಹಸಿರು ಬೆಳಕು, ಶಾರದೆ, ಎಲ್ಲ ನಾಲಿಗೆಯ ತುದಿಗೆ ಬಂತು. ಒಂದು ಮಾತು ಸಾಕಿತ್ತು, ಕಾಲೇಜು ಉಳಿಯುತ್ತಿತ್ತು. ಆದರೆ ಅಬ್ಬಾ ಇಡೀ ಬೀದಿಯ ಮುಂದೆ, ಭೂತಗನ್ನಡಿ ಇಲ್ಲದ ಕಣ್ಣುಗಳನ್ನು ಮಿಟುಕಿಸುತ್ತ, ಬಹಳ ಸಣ್ಣವರಾಗಿ ನಿಂತಿದ್ದರು. ಅವಳು 'ಹೌದು, ನಾನೇ' ಎನ್ನಲು ಬಾಯಿ ತೆರೆದಳು.

"ನಾನೇ ಬರದೀನಿ," ಎಂದರು ದಸ್ತಗೀರ್ ಸಾಬ್.

"ನೀನಾ?"

"ನಾನೇ. ಯಾಕ, ನಾ ಬರೀಬಾರ್ದಾ? ಒಂದು ಸಲ ಹಾಡು ಕೇಳಬೇಕು ಅನಿಸ್ತು. ಹುಡುಗಿಗೆ ಏನೂ ಅನಬ್ಯಾಡ, ಆಪಾ. ಅಕಿಗೆ ಇದು ಗೊತ್ತೇ ಇಲ್ಲ."

ಜಂಬಣ್ಣ ತಲೆಯೆತ್ತಿ ದಸ್ತಗೀರ್ ಸಾಬರನ್ನು ನೋಡಿದ. ಆಮೇಲೆ ಅಡುಗೆಮನೆಯ ಬಾಗಿಲನ್ನು ನೋಡಿದ. ಆಮೇಲೆ ಮತ್ತೆ ಚಪ್ಪಲಿಗಳಿಗೆ ಮರಳಿದ.

ಕನಕರಾಯ ಮಾಸ್ತರು ಆಗಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುತ್ತಿದ್ದಾರೆಂದು ಬಂಡೆಮ್ಮ ತಿಳಿದಳು, ನಗುತ್ತಿದ್ದರು. ತಾವು ಪಾಠ ಹೇಳುವವರು, ಮುದ್ರೆ ನೋಡುವವರಲ್ಲ ಎಂದು ಹೇಳಿದರು. ಪೀರಾ ಸಾಬ್ ನಂಬಲಿಲ್ಲ.

"ಆಣಿ ಮಾಡಿ ಹೇಳ್ರಿ, ಸಾಹೇಬ್ರ. ನೀವು ಲೈಸನ್ಸಿನವರಲ್ಲ?"

"ನಮ್ಮ ಮನಿ ರೇಡಿಯೊದ ಲೈಸನ್ಸೇ ಎರಡು ವರ್ಷದಿಂದ ಹಂಗೇ ಅದ, ಮಾರಾಯ," ಎಂದರು ಮಾಸ್ತರು.

ಇದಕ್ಕಿಂತ ದೊಡ್ಡ ಗುರುತಿನ ಚೀಟಿ ಬೇಕಿರಲಿಲ್ಲ. ಬೀದಿ ಉಸಿರು ಬಿಟ್ಟಿತು. ಬಿಟ್ಟ ಕೂಡಲೇ ಅದಕ್ಕೆ ಇನ್ನೊಂದು ಸಂಗತಿ ಹೊಳೆಯಿತು: ತಮ್ಮ ಹೆಸರು ರೇಡಿಯೊದಲ್ಲಿ ಬಂದಿದೆ. ದೇವದುರ್ಗದಲ್ಲಿ ಕೇಳಿರುತ್ತಾರೆ, ರಾಯಚೂರಿನಲ್ಲಿ ಕೇಳಿರುತ್ತಾರೆ, ಬಂಡೆಮ್ಮನ ತವರುಮನೆ ಮಟಮಾರಿಯಲ್ಲಿ ಕೇಳಿರುತ್ತಾರೆ. ಹಾಗಿರುವಾಗ ರೇಡಿಯೊ ಇಲ್ಲ ಎನ್ನುವುದು ಮರ್ಯಾದೆಯ ಮಾತೇ?

"ಯವ್ವಾ ವಾಹಿದಾ, ನಮ್ಮ ಮನಿ ಫಾರಂ ತಿದ್ದು," ಎಂದಳು ಬಂಡೆಮ್ಮ. "ರೇಡಿಯೊ ಅದ. ತೊಟ್ಟಿಲದಾಗ ಅದ. ದಿನಾ ಹತ್ತು ತಾಸು ಕೇಳ್ತೀವಿ ಅಂತ ಬರಿ."

"ನಮ್ಮದು ಹದಿನಾಲ್ಕು ತಾಸು ಬರಿ," ಎಂದ ಪೀರಾ ಸಾಬ್.

"ರೇಡಿಯೊ ಅಷ್ಟು ಹೊತ್ತು ಇರಂಗಿಲ್ಲ, ಚಾಚಾ."

"ಆರಿಸಿದ ಮ್ಯಾಲೂ ಹಚ್ಚಿಗೆಂದು ಕುಂದ್ರತೀವಿ."

ಒಂದು ತಾಸಿನಲ್ಲಿ ಹತ್ತೊಂಬತ್ತು ಫಾರಂ ತುಂಬಿದವು. ಫಾರಂ ಸಿಗದವರು ಜಗಳಕ್ಕೆ ಬಂದರು. ಇಪ್ಪತ್ತನೆಯದು ತನ್ನ ಮನೆಯದು, ನಿಧಾನವಾಗಿ ತುಂಬುತ್ತೇನೆಂದು ವಾಹಿದಾ ಎತ್ತಿಟ್ಟುಕೊಂಡಳು. ಮಾಸ್ತರು ಹತ್ತೊಂಬತ್ತಕ್ಕೂ ಸಹಿ ಮಾಡಿ, ಇಂಥ ಮಾಧ್ಯಮ ಪ್ರಭಾವವನ್ನು ತಾವು ಯಾವ ಪುಸ್ತಕದಲ್ಲೂ ಓದಿರಲಿಲ್ಲವೆಂದು ಹೇಳಿ, ಹಂಡೆಯನ್ನು ಇನ್ನೊಮ್ಮೆ ನೋಡಿಕೊಂಡು ಬಸ್ಸಿಗೆ ಹೋದರು.

ಫುಪ್ಪು ತನ್ನ ಗಂಟಿನ ಮೇಲಿಂದ ಎದ್ದಳು. "ಓದಲಿ ಬಿಡು ಹುಡುಗಿ," ಎಂದಳು. "'ವಾಹಿದಾ ಬಿ.ಎ.' ಅಂತ ಊರಿಗೆಲ್ಲಾ ಹೇಳಿಬಿಟ್ಟಿ. ಇನ್ನ ಬಿ.ಎ. ಆಗದಿದ್ರ ಸುಳ್ಳಾಗ್ತದ. ಮುಂದಿನ ಸಲ ಬರಿಯಾಗ 'ಬಡೇಬೀ ಸಾಹೇಬಾ' ಅಂತ ಬರಿ."

ಕಷ್ಟವೆಲ್ಲ ತೀರಿತೆಂದು ದಸ್ತಗೀರ್ ಸಾಬ್ ತಿಳಿದದ್ದು ತಪ್ಪಾಯಿತು. ಸಂಜೆ ಬಂಡೆಮ್ಮನಿಗೆ ಒಂದು ಲೋಪ ಕಂಡಿತು.

"ಅಲ್ರಿ ದಸ್ತಗೀರ ಸಾಬರ, ಊರವರ ಹೆಸರೆಲ್ಲಾ ಬರದ್ರಿ. ಕಟ್ಟಿಕೆಂದ ಹೆಂಡ್ತಿ ಹೆಸರೇ ಬಿಟ್ರಲ್ಲ?"

ನಿಜ. ಪಟ್ಟಿಯಲ್ಲಿ ಖಾಸಿಂ ಬೀ ಇರಲಿಲ್ಲ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಮ್ಮನ ಕೈ ಹಿಡಿದು ಸಮಾಧಾನ ಹೇಳಿದರು, ಹೋಗುವಾಗ ದಸ್ತಗೀರ್ ಸಾಬರನ್ನು ಕೆಕ್ಕರಿಸಿ ನೋಡಿದರು. ಅಂಚೆಯವನ ಹೆಸರಿಗೆ ಜಾಗವಿತ್ತು, ಅನ್ನ ಹಾಕುವವಳಿಗಿರಲಿಲ್ಲ ಎಂದರು. ಫುಪ್ಪುವೂ ತಮ್ಮನ ಪಕ್ಷ ವಹಿಸಲಿಲ್ಲ. ಅಮ್ಮ ಮಾತ್ರ ಕಣ್ಣು ತಗ್ಗಿಸಿ, "ಇರಲಿ ಬಿಡ್ರಿ, ನನಗ್ಯಾಕ ಬೇಕು ರೇಡಿಯೊ," ಎನ್ನುತ್ತ ಎಲ್ಲರಿಗೂ ಚಹಾ ಕೊಟ್ಟಳು.

ದೀಪ ಹಚ್ಚುವ ಹೊತ್ತಿಗೆ ದಸ್ತಗೀರ್ ಸಾಬ್ ಗೋಡೆಯ ಹತ್ತಿರ ಕೂತು, ಗದ್ದಲದಲ್ಲಿ ಕಳಚಿದ್ದ ತಂತಿಗೆ ಬೆಂಕಿಕಡ್ಡಿ ಸಿಕ್ಕಿಸುತ್ತಿದ್ದರು. ವಾಹಿದಾ ಟಾರ್ಚು ಹಿಡಿದಿದ್ದಳು.

"ಬೇಟಿ," ಎಂದರು ದನಿ ತಗ್ಗಿಸಿ, "ನೀ ಬರದದ್ದು ನಾ ಯಾರ ಮುಂದೂ ಹೇಳಂಗಿಲ್ಲ. ಆದ್ರ ನಿಮ್ಮ ಅಮ್ಮಂದು ಒಂದು ಹೆಸರು ಯಾಕ ಬಿಟ್ಟಿ? ಎಲ್ಲಾರೂ ನನಗ ಬೈಯಾಕತ್ತಾರ."

"ನಾ ಬರದಿಲ್ಲ, ಅಬ್ಬಾ. ನೀವು ಬರದೀರಿ ಅಂತ..."

"ನಾನಾ? ಹಾಡಿಗೆ? ನನಗೇನು ತಲಿ ಕೆಟ್ಟದ?"

"ಹಂಗಾರ ರಾತ್ರಿ ಕೌದ್ಯಾಗ—" ಎಂದು ವಾಹಿದಾ ಶುರುಮಾಡಿ ನಿಲ್ಲಿಸಿದಳು.

"ಯಾವ ಕೌದಿ?"

"ಏನಿಲ್ಲ, ಅಬ್ಬಾ. ತಂತಿ ಸರೀಗಿ ಕುಂತದ ನೋಡ್ರಿ."

ಆ ರಾತ್ರಿ ವಾಹಿದಾ ನಿದ್ದೆ ಮಾಡಲಿಲ್ಲ. ಪಕ್ಕದಲ್ಲಿ ಫುಪ್ಪು ಗೊರಕೆ ಹೊಡೆಯುತ್ತಿದ್ದಳು. ಅಂಗಳದ ಹೊರಸಿನ ಮೇಲೆ ಅಬ್ಬಾ ಇನ್ನೊಂದು ತಾಳದಲ್ಲಿ ಗೊರಕೆ ಹೊಡೆಯುತ್ತಿದ್ದರು. ಹತ್ತೂವರೆಗೆ ಸರಿಯಾಗಿ, ಆ ಮನೆಯಲ್ಲಿ ಹೊತ್ತು ತಪ್ಪದ ಒಂದೇ ಒಂದು ಸದ್ದಾಯಿತು. ಟಕ್.

ಅವಳು ಹೋಗಿ ಕೌದಿಯ ಅಂಚು ಎತ್ತಿದಳು. ಹಸಿರು ಬೆಳಕಿನಲ್ಲಿ ಅಮ್ಮ ಮೊಣಕಾಲ ಮೇಲೆ ಗದ್ದ ಊರಿ, ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದಳು. ಮಗಳನ್ನು ಕಂಡು ಬೆಚ್ಚಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿ, ಕೌದಿಯನ್ನು ಇಬ್ಬರ ಮೇಲೂ ಎಳೆದುಕೊಂಡಳು.

"ಶಾರದಾ ಬಾವಿಗೆ ಬಿದ್ಲಾ, ಅಮ್ಮಾ?"

"ಬೀಳಲಿಲ್ಲ. ಟೀಚರ್ ನೌಕರಿ ಸಿಕ್ಕದ. ಸುಮ್ಮನ ಕೇಳು."

ನಾಟಕ ಮುಗಿದ ಮೇಲೆ ವಾಹಿದಾ ಕೇಳಿದಳು: "ಕಾರ್ಡು ಯಾರು ಬರದುಕೊಟ್ರು?"

"ಜಂಬಣ್ಣ. ಹನ್ನೊಂದು ಕಾರ್ಡು ಹಾಕೀವಿ. ಹನ್ನೊಂದನೇದು ಓದಿದ್ರು."

"ನಿಮ್ಮ ಹೆಸರು ಯಾಕ ಬರಸಲಿಲ್ಲ?"

"ಬರಸಬೇಕಂದೆ. ಎಲ್ಲಾರದೂ ಬರಿಯೋದ್ರಾಗ ಕಾರ್ಡು ತುಂಬಿಹೋತು." ಅಮ್ಮ ಗುಂಡಿ ತಿರುಗಿಸಿದಳು. ಹಸಿರು ಬೆಳಕು ನಿಧಾನವಾಗಿ ಆರಿತು. ಕತ್ತಲಲ್ಲಿ ಅವಳ ದನಿಯಲ್ಲಿ ನಗೆ ಇತ್ತು. "ನಿಮ್ಮ ಅಬ್ಬಾ ಇವತ್ತ ಎದ್ದು ನಿಂತು ನಾನೇ ಅಂದ್ರಲ್ಲ. ಅದು ನಾಟಕದಾಗೂ ಬಂದಿಲ್ಲ."

ಸೋಮವಾರ ಬೆಳಿಗ್ಗೆ ವಾಹಿದಾ ರಾಯಚೂರಿನ ಬಸ್ಸಿಗೆ ಕಾಯುವಾಗ, ಅಬ್ಬಾನ ಅಂಗಡಿಯ ಮುಂದೆ ನಾಲ್ಕು ಜನ ನೆರೆದಿದ್ದರು. ಕಾರ್ಡು ಹೇಗೆ ಬರೆದರೆ ರೇಡಿಯೊದವರು ಓದುತ್ತಾರೆಂದು ದಸ್ತಗೀರ್ ಸಾಬ್, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅನುಭವಸ್ಥರಂತೆ ವಿವರಿಸುತ್ತಿದ್ದರು. ಜಂಬಣ್ಣ ಸೈಕಲ್ಲು ತಳ್ಳಿಕೊಂಡು ಅವಳ ಕಣ್ಣು ತಪ್ಪಿಸಿ ಹೋಗುತ್ತಿದ್ದ.

"ಜಂಬಣ್ಣ," ಎಂದಳು ವಾಹಿದಾ. "ಮುಂದಿನ ಸಲ ಅಕ್ಷರ ಸ್ವಲ್ಪ ಸಣ್ಣಗ ಬರೀರಿ."

"ಯಾಕವ್ವಾ?"

"ಇನ್ನೊಂದು ಹೆಸರಿಗೆ ಜಾಗ ಬೇಕು."

ಜಂಬಣ್ಣ ಅವಳನ್ನೇ ನೋಡಿ, ಬೆಲ್ ಒಮ್ಮೆ ಬಾರಿಸಿ, ಹತ್ತಿ ಹೋದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳು ಇಪ್ಪತ್ತನೆಯ ಫಾರಂ ತೆಗೆದಳು. ಮನೆಯ ಯಜಮಾನರ ಕಾಲಂನಲ್ಲಿ 'ವಾರ್ತೆ, ಹಾಡು, ನಾಟಕ. ಬಹಳ ಆಸಕ್ತಿ' ಎಂದು ಬರೆದಳು. ಅದರ ಕೆಳಗೆ 'ಗೃಹಿಣಿ ರೇಡಿಯೊ ಕೇಳುವ ಅವಧಿ' ಎಂದಿತ್ತು. ಬಸ್ಸು ಕುಲುಕುವುದು ನಿಲ್ಲುವ ತನಕ ಕಾದು, ಕನಕರಾಯ ಮಾಸ್ತರಿಗೂ ಅಬ್ಬಾನಿಗೂ ಮುಂದೆ ಎಂದಾದರೂ ಕೇಳಬಹುದಾದ ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ದುಂಡಗಿನ ಅಕ್ಷರದಲ್ಲಿ ಬರೆದಳು: 'ಕೇಳುವುದಿಲ್ಲ.'